ಪಿ0420 ಕೋಡ್ ಬಂದಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಿ ಅಂತಿದಾರೆ, ನಿಜವಾಗ್ಲೂ ಬೇಕಾ?

ಪ್ರಶ್ನೆ (ವಾಕಡ್, ಪುಣೆಯಿಂದ):
ಎಲ್ಲರಿಗೂ ನಮಸ್ಕಾರ. ಗ್ರೂಪಲ್ಲಿ ಭೋಸರಿಯ ಮೆಕ್ಯಾನಿಕ್ ಅಣ್ಣ ಇದಾರಲ್ಲ, ಅವರಿಗೇ ಈ ಪ್ರಶ್ನೆ. ನಮ್ದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್4 ಹೊಗೆ ನಿಯಮದ್ದು, 84 ಸಾವಿರ ಕಿಲೋಮೀಟರ್ ಓಡಿದೆ. ಹದಿನೈದು ದಿನದಿಂದ ಮೀಟರಲ್ಲಿ ಎಂಜಿನ್ ಲೈಟ್ ಉರೀತಾನೇ ಇದೆ. ಇಲ್ಲೇ ಹತ್ತಿರದ ಒಂದು ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿ ಪಿ0420 ಬಂದಿದೆ, ಕನ್ವರ್ಟರ್ ಹೋಗಿದೆ, ಹೊಸದು ಹಾಕ್ಬೇಕು, 48 ಸಾವಿರ ಆಗತ್ತೆ ಅಂದ್ರು, ನೋಡಿದ್ದು ಐದೇ ನಿಮಿಷ. ಗಾಡಿ ಓಡೋದೇನೋ ಓಡ್ತಿದೆ, ಪಿಕಪ್ ಸ್ವಲ್ಪ ಕಮ್ಮಿ, ಮೈಲೇಜ್ 17 ಬರ್ತಿದ್ದಿದ್ದು ಈಗ 14. ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದ್ಯೋ ಇಲ್ವೋ ಗೊತ್ತಿಲ್ಲ, ಎರಡು ತಿಂಗಳ ಹಿಂದೆ ಮುಂಬೈಯಿಂದ ಬರ್ತಾ ಖಂಡಾಳಾ ಘಾಟಲ್ಲಿ ಗಾಡಿ ಜರ್ಕ್ ಹೊಡೀತಾ ಇದೇ ಲೈಟು ಮಿಣುಕ್ತಾ ಇತ್ತು, ರಾತ್ರಿ ಆಗಿತ್ತು ಮಕ್ಕಳಿದ್ರು ಹಾಗೇ ಮನೆವರೆಗೂ ಓಡಿಸ್ಕೊಂಡು ಬಂದೆ, ಆಮೇಲೆ ಒಂದು ವಾರ ಹಿಂಜವಡಿಗೂ ಹಾಗೇ ಹೋಗಿ ಬಂದೆ. ಕೊನೆಗೆ ಒಂದು ಪ್ಲಗ್ ಬದಲಿಸಿದ್ರು, ಕಮ್ಮಿ ಆಯ್ತು. ಈಗ 48 ಸಾವಿರ ಹಾಕ್ಲಾ ಬೇಡ್ವಾ ದಯವಿಟ್ಟು ಹೇಳಿ.

ಉತ್ತರ (ಮೆಕ್ಯಾನಿಕ್, ಭೋಸರಿ):
ನಮಸ್ಕಾರ್ರಿ ಸರ್. ಸಂಬಂಧ ಐತೋ ಇಲ್ಲೋ ಅಂತ ಕಡೀಕ ಬರ್ದೀರಲ್ಲ, ಖರೇ ವಿಷಯ ಅಲ್ಲೇ ಐತಿ. ಎಂಜಿನ್ ಲೈಟ್ ಸುಮ್ನ ಹತ್ಕೊಂಡಿದ್ರ ಒಂದು ಅರ್ಥ, ಮಿಣುಕಾಕ ಹತ್ತಿದ್ರ ಬ್ಯಾರೇನ ಅರ್ಥ. ಮಿಣುಕೂದು ಅಂದ್ರ ಎಂಜಿನ್ ಈಗಿಂದೀಗ ಮಿಸ್ ಹೊಡ್ಯಾಕತ್ತೈತಿ, ಸುಡಲಾರದ ಪೆಟ್ರೋಲ್ ಸೀದಾ ಸೈಲೆನ್ಸರ್ ದಾರಿ ಹಿಡದೈತಿ, ಆಕ್ಸಿಲರೇಟರ್ ಬಿಡು, ಗಾಡಿ ಬಾಜೂಕ ಹಚ್ಚು ಅಂತ. ಆ ಪೆಟ್ರೋಲ್ ಹೋಗಿ ಕನ್ವರ್ಟರ್ ಒಳಗ ಸುಡತೈತಿ.

ಅದರೊಳಗ ಇರೂದು ಸಿರಾಮಿಕ್ಕಿನ ಜಾಲಿ, ಜೇನುಗೂಡಿನಂಗ, ಒಂದು ಚದರ ಇಂಚಿನ್ಯಾಗ ಸುಮಾರು 400 ತೂತು, ಆ ತೂತಿನ ಗ್ವಾಡಿಗೆ ಪ್ಲಾಟಿನಂ ಪಲ್ಲಾಡಿಯಂ ರೋಡಿಯಂ ತೆಳ್ಳಗ ಬಳದಿರ್ತಾರ. ಕಾರ್ಬನ್ ಮೊನಾಕ್ಸೈಡು, ಅರ್ಧಮರ್ಧ ಸುಟ್ಟ ಪೆಟ್ರೋಲು, ನೈಟ್ರೋಜನ್ ಆಕ್ಸೈಡು ಈ ಮೂರೂ ವಿಷ ಅಲ್ಲೇ ಕಡಿಮಿ ಆಗ್ತಾವು. 300 ಡಿಗ್ರಿ ಸನಿಹ ಬಿಸಿ ಆದಮ್ಯಾಲ ಕೆಲಸ ಚಾಲೂ, 400ರಿಂದ 800ರ ತನಕ ಆರಾಮ ಇರ್ತೈತಿ. ಮಿಸ್ಸಿಂಗ್ ಗಾಡಿ ಹಂಗ ಓಡಿಸ್ಕೋಂತ ಹೋದ್ರ 1,000 ದಾಟತೈತಿ, ಬಳದಿದ್ದ ಧಾತು ಗಂಟು ಕಟ್ಟತೈತಿ, ಇನ್ನೂ ಏರಿದ್ರ ಜಾಲೀನ ಕರಗತೈತಿ. ಹ್ವಾದ ವರ್ಷ ಒಂದು ಬಿಚ್ಚಿದ್ದೆ, ಹೊರಗಿನ ಸುತ್ತು ಚಲೋ ಇತ್ತು, ನಡುವ ಮಾತ್ರ ಒಂದು ಮುಷ್ಟಿ ಗಾತ್ರ ಮೇಣದಬತ್ತಿ ಕರಗಿ ಆರಿದಂಗ ಗಟ್ಟಿ ಗಡ್ಡಿ, ಈಕಡೆ ಟಾರ್ಚ್ ಹಿಡದ್ರ ಆಕಡೆ ಬೆಳಕ ಬರವಲ್ದಾಗಿತ್ತು.

ಇಷ್ಟ್ಯಾಕ ಹೇಳಾಕತ್ತೀನಿ ಅಂದ್ರ, ಹೆಚ್ಚಿನ ಸಲ ಕನ್ವರ್ಟರ್ ತನ್ನಷ್ಟಕ್ಕ ತಾನ ಸಾಯಂಗಿಲ್ರಿ. ಏನರ ಒಂದು ಅದನ್ನ ಕೊಂದಿರ್ತೈತಿ, ಮಿಸ್ಸಿಂಗ್, ಇಲ್ಲಾ ಎಂಜಿನ್ ಆಯಿಲ್ ತಿನ್ನೂದು, ಇಲ್ಲಾ ಕೂಲಂಟ್ ಒಳಗ ಸೋರೂದು, ಇಲ್ಲಾ ಪೆಟ್ರೋಲ್ ಜಾಸ್ತಿ ಬೀಳೂದು. ಅದನ್ನ ಹಿಡೀಲಾರದ ಹೊಸಾದು ಹಾಕಿದ್ರ ಆ 48 ಸಾವಿರದ್ದೂ ಸುಟ್ಟು ಹೋಗ್ತೈತಿ. ಸುಟ್ಟಿದ್ದನ್ನ ಕಣ್ಣಾರೆ ನೋಡೀನಿ, ಮಧ್ಯಮ ವರ್ಗದ ಮಂದಿ ರೊಕ್ಕ ಹಂಗ ಹೋದ್ರ ಹೊಟ್ಟಿ ಉರೀತೈತಿ.

ಮತ್ತ ಪಿ0420 ಅಂದ್ರ ಕನ್ವರ್ಟರ್ ಸರಿಯಾಗಿ ಕೆಲಸ ಮಾಡವಲ್ದು ಅಂತ ಕಂಪ್ಯೂಟರಿಗೆ ಅನುಮಾನ, ಬದಲಿಸು ಅಂತ ಅರ್ಥ ಅಲ್ಲ. ಕನ್ವರ್ಟರ್ ಮುಂದ ಒಂದು ಹಿಂದ ಒಂದು ಆಕ್ಸಿಜನ್ ಸೆನ್ಸರ್ ಇರ್ತಾವು. ನಿಮ್ಮಂಥಾ ಬಿಎಸ್4 ಗಾಡ್ಯಾಗ ಮುಂದಿಂದು 0.1ರಿಂದ 0.9 ವೋಲ್ಟ್ ನಡುವ ಮ್ಯಾಲ ಕೆಳಗ ಕುಣೀತಿರಬೇಕು, ಹಿಂದಿಂದು 0.6, 0.7 ಹತ್ರ ಸಮಾಧಾನದಿಂದ ನಿಂತಿರಬೇಕು. ಹಿಂದಿಂದೂ ಮುಂದಿನದರ ಜೋಡಿ ಕುಣ್ಯಾಕ ಹತ್ತಿದ್ರ ಕಂಪ್ಯೂಟರ್ ಈ ಕೋಡ್ ಹಾಕತೈತಿ. ಆದ್ರ ಮ್ಯಾನಿಫೋಲ್ಡ್ ಪ್ಯಾಕಿಂಗ್ ಸೀಳಿ ಹೊರಗಿನ ಗಾಳಿ ಒಳಗ ಎಳ್ಕೊಂಡ್ರೂ ಇದ ಕೋಡ್, ಹಿಂದಿನ ಸೆನ್ಸರ್ ಹಾಳಾದ್ರೂ ಇದ ಕೋಡ್. ಐದು ನಿಮಿಷದಾಗ ಇದು ಹೆಂಗ ಗೊತ್ತಾಗ್ತೈತಿ?

ನೀವು ಹಿಂಗ ಮಾಡ್ರಿ. ಯಾರ ಹತ್ರ ಹೋದ್ರೂ ಮೊದಲ ಹಳೇ ಕೋಡ್ ಎಲ್ಲಾ ತೆಗಸ್ರಿ, ಪಿ0300ರಿಂದ ಪಿ0304ರ ತನಕ ಮಿಸ್ಸಿಂಗ್ ಕೋಡ್, ಯಾವ್ದರ ಇದ್ರ ಅದ ಮೊದಲ ಕೆಲಸ. ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಸ್ರಿ. ಯಾವ ಸಿಲಿಂಡರ್ ಮಿಸ್ ಹೊಡೀತೈತೋ ಅದರ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡೂದು) ತಗದು ಬಾಜೂ ಸಿಲಿಂಡರಿಗೆ ಹಾಕಿ ಅಲ್ಲಿಂದು ಇಲ್ಲಿಗೆ ಹಾಕಿ, ಕೋಡ್ ಜಾಗಾ ಬದಲಿಸಿದ್ರ ಕಾಯಿಲ್ಲ ಕಳ್ಳ. ಆಮ್ಯಾಲ ಬ್ಯಾಕ್ ಪ್ರೆಶರ್, ಅಂದ್ರ ಹೊಗಿ ಹೊರಗ ಹೋಗಲಾರದ ಹಿಂದಕ್ಕ ಒತ್ತೂದು, ಮುಂದಿನ ಸೆನ್ಸರ್ ಬಿಚ್ಚಿ ಅದ ತೂತಿಗೆ ಗೇಜ್ ಹಾಕಿ ನೋಡೂದು, ಐಡ್ಲಿಂಗ್‌ನ್ಯಾಗ ಸುಮಾರು 1.25 ಪಿಎಸ್‌ಐ ಒಳಗ, 2,500 ಆರ್‌ಪಿಎಂಗೆ 3 ಒಳಗ ಇದ್ರ ದಾರಿ ಕಟ್ಟಿಲ್ಲ. ಗಾಡಿ ತಣ್ಣಗಿದ್ದಾಗ ರಬ್ಬರ್ ಹ್ಯಾಮರ್‌ಲೆ ಮೆಲ್ಲಕ ಬಡದ್ರ ಒಳಗ ಕಲ್ಲು ಅಲ್ಲಾಡಿದಂಗ ಸಪ್ಪಳ ಬಂದ್ರ ಜಾಲಿ ಒಡದೈತಿ, ಅದಕ್ಕ ಬ್ಯಾರೆ ಟೆಸ್ಟೇ ಬ್ಯಾಡ.

ಒಂದು ಕೈ ಮುಗದು ಹೇಳ್ತೀನಿ, ಎಂಜಿನ್ ಚಾಲೂ ಇದ್ದಾಗ ಒಂದೊಂದ ಕಾಯಿಲ್ ಕಿತ್ತು ಯಾವ್ದು ಮಿಸ್ ಅಂತ ನೋಡಾಕ ಬಿಡಬ್ಯಾಡ್ರಿ. ಹಳೇ ಗಾಡಿ ರೂಢಿ ಅದು, ನಾವೂ ಹಂಗ ಕಲ್ತಿದ್ದು. ಕಿತ್ತಷ್ಟೂ ಹೊತ್ತು ಹಸೀ ಪೆಟ್ರೋಲ್ ಕನ್ವರ್ಟರಿಗೆ ಹೋಗ್ತೈತಿ. ಇಂಜೆಕ್ಟರ್ ಕನೆಕ್ಟರ್ ತಗದು ನೋಡ್ಲಿ, ಆಗ ಆ ಸಿಲಿಂಡರಿಗೆ ಪೆಟ್ರೋಲ್ಲ ಬೀಳಂಗಿಲ್ಲ.

ಪ್ರಶ್ನೆ (ಕೋಥ್ರೂಡ್‌ನಿಂದ):
ಅಣ್ಣಾ, ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟಲಿ ಆನ್‌ಲೈನಲ್ಲಿ ಸಿಗತ್ತಲ್ಲ, ಅದು ಹಾಕಿದ್ರೆ ಕನ್ವರ್ಟರ್ ಕ್ಲೀನ್ ಆಗಲ್ವಾ? ನಮ್ಮನೆಯವರು ಎರಡು ತರಿಸಿ ಇಟ್ಟಿದಾರೆ.

ಉತ್ತರ:
ಅಕ್ಕಾರ, ಮಸಿ ಕೂತಿದ್ರ ಸ್ವಲ್ಪ ಫರಕ್ ಬಿದ್ರೂ ಬೀಳಬಹುದು. ಆದ್ರ ಅಂಥಾ ಮಸಿ ಹೈವೇ ಮ್ಯಾಗ ಒಂದು ತಾಸು ಒಂದೇ ಸ್ಪೀಡಿನ್ಯಾಗ ಹೋದ್ರೂ ಭಾಳಷ್ಟು ಸುಟ್ಟು ಹೋಗ್ತೈತಿ. ಕರಗಿದ್ದು ಕೂಡಂಗಿಲ್ಲ. ಎಂಜಿನ್ ಆಯಿಲ್ ಸುಟ್ಟು ಅದರಾಗಿನ ಫಾಸ್ಫರಸ್ ಹೋಗಿ ಮೆತ್ಕೊಂಡಿದ್ದೂ ಬಾಟಲಿಯಿಂದ ಹೋಗಂಗಿಲ್ಲ. ಮುಂಜಾನೆ ಚಾಲೂ ಮಾಡಿದಾಗ ನೀಲಿ ಹೊಗಿ ಬರ್ತದೇನು ನೋಡ್ರಿ, ಡಿಪ್‌ಸ್ಟಿಕ್ ತಿಂಗಳಿಗೊಮ್ಮೆ ನೋಡ್ರಿ, ಬಾಟಲಿಗಿಂತ ಅದು ಉಪಯೋಗ.

ಪ್ರಶ್ನೆ (ಪಿಂಪ್ರಿಯಿಂದ):
ನನ್ನ ಫ್ರೆಂಡ್ ಒಬ್ಬ ಕನ್ವರ್ಟರ್ ಕಟ್ ಮಾಡಿಸಿ ಜಾಲಿ ತೆಗೆಸಿ ಖಾಲಿ ಡಬ್ಬಿ ವೆಲ್ಡ್ ಮಾಡಿಸಿದಾನೆ, ಎರಡೂವರೆ ಸಾವಿರದಲ್ಲಿ ಮುಗೀತು, ಪಿಕಪ್ಪೂ ಚೆನ್ನಾಗಿದೆ ಅಂತಾನೆ. ಇವರೂ ಹಾಗೇ ಮಾಡ್ಬಹುದಲ್ವಾ?

ಉತ್ತರ:
ಬ್ಯಾಡ್ರಿ. ಕಟ್ಟಿದ್ದ ಜಾಲಿ ತಗದ್ರ ಪಿಕಪ್ ಬಂದಂಗ ಅನಸತೈತಿ, ಖರೆ. ಆದ್ರ ಹಿಂದಿನ ಸೆನ್ಸರ್ ಸುಮ್ನಿರಂಗಿಲ್ಲ, ಲೈಟ್ ಹತ್ಕೊಂಡ ಇರ್ತೈತಿ, ನಾಳೆ ಖರೇನ ಬ್ಯಾರೆ ತೊಂದ್ರಿ ಬಂದ್ರೂ ಅದ ಲೈಟ್ನ್ಯಾಗ ಮುಚ್ಚಿ ಹೋಗ್ತೈತಿ. ಪಿಯುಸಿನ್ಯಾಗ ಬಿಎಸ್4 ಪೆಟ್ರೋಲ್ ಗಾಡಿಗೆ ಐಡ್ಲಿಂಗ್‌ನ್ಯಾಗ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್ ಒಳಗ, ಹೈಡ್ರೋಕಾರ್ಬನ್ 200 ಪಿಪಿಎಂ ಒಳಗ ಇರ್ಬೇಕು, ನಳಗಿ ಹಾಕಿ ಪ್ರಾಮಾಣಿಕವಾಗಿ ನೋಡಿದ್ರ ಖಾಲಿ ಡಬ್ಬಿ ಗಾಡಿ ಅದನ್ನ ಮುಟ್ಟೂದು ಕಷ್ಟ.

ಅದನ್ನ ಬಿಡ್ರಿ, ನಾಶಿಕ್ ಫಾಟಾ ಸಿಗ್ನಲ್‌ನ್ಯಾಗ ಸಂಜಿ ಏಳಕ್ಕ ನಿಲ್ರಿ. ಸ್ಕೂಟರ್ ಮ್ಯಾಗ ಅಪ್ಪನ ಮುಂದ ಸಣ್ಣ ಹುಡುಗ ನಿಂತಿರ್ತಾನ, ಅವನ ಮಾರಿ ಸರಿಯಾಗಿ ಮುಂದಿನ ಕಾರಿನ ಸೈಲೆನ್ಸರ್ ಹಿಂದ. ಆ ಹುಡುಗ ಎಳ್ಕೊಳ್ಳೂದು ನಮ್ಮ ಗಾಡಿ ಬಿಟ್ಟಿದ್ದು. ನಮ್ಮ ಕಾಕಾ ಮುಂಬೈನ್ಯಾಗ ಸೈಲೆನ್ಸರ್ ಕೆಲಸ ಮಾಡ್ತಿದ್ರು, 1995ರ ಏಪ್ರಿಲ್‌ನಿಂದ ಮುಂಬೈ ದಿಲ್ಲಿ ಕಲ್ಕತ್ತಾ ಮದ್ರಾಸ್ ನಾಲ್ಕೂ ಕಡೆ ಹೊಸಾ ಪೆಟ್ರೋಲ್ ಕಾರಿಗೆ ಕನ್ವರ್ಟರ್ ಕಡ್ಡಾಯ ಆತು. ಆಗ ಸೀಸದ ಪೆಟ್ರೋಲೂ ಸಿಗ್ತಿತ್ತು, ತಿಳೀದ ಅದನ್ನ ಹಾಕ್ಸಿ ಹೊಸಾ ಕನ್ವರ್ಟರ್ ಹಾಳ್ ಮಾಡ್ಕೊಂಡ ಮಂದಿ ಬರ್ತಿದ್ರಂತ. 2000ಕ್ಕ ದೇಶದ ತುಂಬ ಸೀಸ ಬಂದ್ ಆತು. ಇಷ್ಟು ಕಷ್ಟಪಟ್ಟು ಬಂದ ವಸ್ತುನ ನಾವು ಗ್ರೈಂಡರ್ ಹಚ್ಚಿ ಕೊಯ್ಯೂದು ನನಗ ಆಗಂಗಿಲ್ಲ, ನಮ್ಮ ಗ್ಯಾರೇಜ್‌ನ್ಯಾಗ ಆ ಕೆಲಸ ಮಾಡಂಗಿಲ್ಲ.

ಪ್ರಶ್ನೆ (ಚಿಂಚವಡದಿಂದ):
ನಂದು ಸಿಎನ್‌ಜಿ, 2021ರದ್ದು. ಸಿಎನ್‌ಜಿ ಮೇಲೆ ಮಾತ್ರ ಜರ್ಕ್, ಪೆಟ್ರೋಲ್‌ಗೆ ಹಾಕಿದ್ರೆ ಸರಿ. ನನಗೂ ಇದೇ ಗತಿನಾ?

ಉತ್ತರ:
ಈಗ ನೋಡಿಸಿದ್ರ ಇಲ್ರಿ. ಸಿಎನ್‌ಜಿಗೆ ಕಿಡಿ ಜೋರ ಬೇಕು, ಸವದ ಪ್ಲಗ್ಗು, ಸೋತ ಕಾಯಿಲ್ಲು ಪೆಟ್ರೋಲ್‌ನ್ಯಾಗ ಹೆಂಗೋ ದಾಟಿಸ್ತಾವು, ಗ್ಯಾಸ್‌ನ್ಯಾಗ ಸಿಕ್ಕಿ ಬೀಳ್ತಾವು. ಮೊದಲ ಪ್ಲಗ್, ಗ್ಯಾಪ್ ನಿಮ್ಮ ಗಾಡಿ ಪುಸ್ತಕದಾಗ ಬರದಷ್ಟ ಇರ್ಲಿ. ಆಮ್ಯಾಲ ಗ್ಯಾಸ್ ಫಿಲ್ಟರ್. ಅಲ್ಲೀತನಕ ಪೆಟ್ರೋಲ್ ಮ್ಯಾಗ ಓಡಸ್ರಿ, ರೊಕ್ಕ ಜಾಸ್ತಿ ಹೋದ್ರೂ ಹೋಗ್ಲಿ. ನಿಮ್ಮದು ಬಿಎಸ್6, ಭಾಳಷ್ಟು ಗಾಡ್ಯಾಗ ಮುಂದಿನ ಸೆನ್ಸರ್ ಬ್ಯಾರೆ ಜಾತಿದು ಇರ್ತೈತಿ, ನಾ ಮ್ಯಾಲ ಹೇಳಿದ 0.1-0.9 ಲೆಕ್ಕ ಅದಕ್ಕ ಹಚ್ಚಬ್ಯಾಡ್ರಿ.

ಪ್ರಶ್ನೆ (ಸಾಯನ್, ಮುಂಬೈಯಿಂದ):
ಮಳೆಗಾಲದಲ್ಲಿ ನೀರು ನಿಂತ ರಸ್ತೆಲಿ ಹೋದ್ರೆ ಕನ್ವರ್ಟರ್ ಒಡೆಯತ್ತೆ ಅಂತಾರೆ, ಹೌದಾ ಮಾರಾಯ್ರೆ?

ಉತ್ತರ:
ಗಾಡಿ ಹೊಟ್ಟಿ ಕೆಳಗ ಕನ್ವರ್ಟರ್ ಇದ್ರ ಹೌದು, ಕಾದಿದ್ದಕ್ಕ ಒಮ್ಮೆಲೇ ತಣ್ಣೀರು ಬಿದ್ರ ಸಿರಾಮಿಕ್ ಸೀಳಬಹುದು. ಈಗಿನ ಸಣ್ಣ ಗಾಡ್ಯಾಗ ಹೆಚ್ಚಾಗಿ ಮ್ಯಾನಿಫೋಲ್ಡಿಗೇ ಅಂಟಿ ಮ್ಯಾಲ ಇರ್ತೈತಿ, ಅವಕ್ಕ ಆ ಅಂಜಿಕಿ ಕಡಿಮಿ. ಆದ್ರ ಅಂಥಾ ನೀರಾಗ ಕನ್ವರ್ಟರ್‌ಕಿಂತ ಮೊದಲ ಎಂಜಿನ್ ಹೋಗ್ತೈತ್ರಿ, ಇಳೀಬ್ಯಾಡ್ರಿ.

ಮತ್ತೆ ವಾಕಡ್‌ನಿಂದ (ಒಂಬತ್ತು ದಿನ ಆದ್ಮೇಲೆ):
ಅಣ್ಣಾ, ನೀವು ಹೇಳಿದ ಹಾಗೇ ಬೇರೆ ಒಂದು ಕಡೆ ಮಾಡಿಸ್ದೆ, ನಾನೇ ಪಕ್ಕದಲ್ಲಿ ನಿಂತಿದ್ದೆ. ಹಳೇ ಕೋಡಲ್ಲಿ ಪಿ0303 ಇತ್ತು. ಮೂರನೇ ಕಾಯಿಲ್ ಎಳೆದ್ರೆ ಅದರ ರಬ್ಬರ್ ಕೊಳವೆ ಪೂರ್ತಿ ಎಣ್ಣೆ, ಪ್ಲಗ್ ಇರೋ ಗುಂಡಿಯೊಳಗೆ ಅರ್ಧ ಬೆರಳು ಆಯಿಲ್ ನಿಂತಿತ್ತು! ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿ ಅಲ್ಲಿಂದ ಸೋರ್ತಿದ್ದಿದ್ದು. ಕಾಯಿಲ್ ಒಂದನೇ ಸಿಲಿಂಡರಿಗೆ ಹಾಕಿದ್ರೆ ಕೋಡ್ ಪಿ0301 ಆಯ್ತು, ಕೈಯಾರೆ ಕಳ್ಳನ್ನ ಹಿಡಿದ ಹಾಗಾಯ್ತು. ಪ್ಯಾಕಿಂಗ್, ನಾಲ್ಕು ಪ್ಲಗ್, ಒಂದು ಕಾಯಿಲ್ ಎಲ್ಲಾ ಸೇರಿ ಐದು ಸಾವಿರದ ಒಳಗೇ ಮುಗೀತು. ಗಾಡಿ ಈಗ ಬೆಣ್ಣೆ ಥರ, ಮೈಲೇಜ್ 16. ಬ್ಯಾಕ್ ಪ್ರೆಶರ್ ಐಡ್ಲಿಂಗಲ್ಲಿ 0.8, 2,500ಕ್ಕೆ 2.1. ಮ್ಯಾನಿಫೋಲ್ಡ್ ಲೀಕ್ ಇಲ್ಲ. ಆದ್ರೆ 300 ಕಿಲೋಮೀಟರ್ ಆದ್ಮೇಲೆ ಪಿ0420 ಮತ್ತೆ ಬಂತು, ಹಿಂದಿನ ಸೆನ್ಸರ್ ಮುಂದಿನದರ ಜೊತೇನೇ ಕುಣೀತಿದೆ. ಪಿಯುಸಿಲಿ ಕಾರ್ಬನ್ ಮೊನಾಕ್ಸೈಡ್ 0.5 ಬಂತು, ಫೇಲ್. ಈಗ?

ಉತ್ತರ:
ನೋಡ್ರಿ, ಪ್ಯಾಕಿಂಗ್ ಸೋರಿ ಕಾಯಿಲ್ ಹೋತು, ಕಾಯಿಲ್ ಹೋಗಿ ಮಿಸ್ಸಿಂಗ್, ಮಿಸ್ಸಿಂಗ್‌ನಿಂದ ಕನ್ವರ್ಟರ್. ಆವಾಗ ಪ್ಲಗ್ ಬದಲಿಸಿದವ್ರು ಆ ಗುಂಡಿಯೊಳಗ ಒಂದು ಸಲ ಬೆಳಕ ಹಿಡದಿದ್ರ ಕನ್ವರ್ಟರ್ ಉಳೀತಿತ್ತೋ ಏನೋ, ಇದನ್ನ ಓದಿ ಭಾಳ ಬ್ಯಾಸರ ಆತು.

ಪ್ರೆಶರ್ ಚಲೋ ಐತಿ ಅಂದ್ರ ಜಾಲಿ ಕರಗಿ ದಾರಿ ಕಟ್ಟಿಲ್ಲ, ಮ್ಯಾಲಿನ ಲೇಪ ಸತ್ತೈತಿ. ಲೀಕ್ ಇಲ್ಲ, ಸೆನ್ಸರ್ ಕುಣಿತ ಐತಿ, ಗ್ಯಾಸ್ ರೀಡಿಂಗೂ ಅದನ್ನ ಹೇಳಾಕತ್ತೈತಿ, ಹಂಗಾಗಿ ಈಗ ಬದಲಿಸೂದ ಸೈ. ಗಾಡಿ ಬಂದ್ ಬೀಳಂಗಿಲ್ಲ, ಗಾಬರಿ ಬ್ಯಾಡ, ಆದ್ರ ಹಂಗ ಬಿಡೂದೂ ಬ್ಯಾಡ. ಮೊದಲು 500 ಕಿಲೋಮೀಟರ್ ಪೂರಾ ಮಾಡ್ರಿ, ನಡುವ ಒಂದು ಸಲ ಕಾತ್ರಜ್ ಘಾಟ್ ಹತ್ತಿಸಿ ಇಳಿಸ್ರಿ, ಲೋಡ್ ಬಿದ್ದಾಗ ಮಿಸ್ಸಿಂಗ್ ಕೋಡ್ ಬರಬಾರ್ದು. ಆಯಿಲ್ ಲೆವೆಲ್ ಗುರುತು ಹಾಕಿ ಇಡ್ರಿ, ಇಳೀಬಾರ್ದು. ಎರಡೂ ಸರಿ ಇದ್ರ ಹೊಸಾದು ಹಾಕ್ಸೂಣು. ನಿಮ್ಮ ಗಾಡಿ ಮಾಡೆಲ್ಲಿಗೆ, ಬಿಎಸ್4ಗೆ ಅಂತ ಇರೂದನ್ನ ತರಸ್ರಿ, ಎಲ್ಲಾ ಗಾಡಿಗೂ ಕೂಡತೈತಿ ಅಂತ ಮಾರೂ ಅಗ್ಗದ್ದರಾಗ ಭಾಳ ಸಲ ಧಾತು ಕಡಿಮಿ ಇರ್ತೈತಿ, ಕೆಲವು ತಿಂಗಳಿಗೆ ಮತ್ತ ಅದ ಕೋಡ್. ಹಳೇದು ಯಾರಿಗೂ ಹಂಗ ಬಿಡಬ್ಯಾಡ್ರಿ, ಸತ್ತದ್ದರಾಗೂ ಪ್ಲಾಟಿನಂ ಪಲ್ಲಾಡಿಯಂ ಹಂಗ ಇರ್ತಾವು, ಗುಜರಿಯವ್ರು ರೊಕ್ಕ ಕೊಟ್ಟು ಒಯ್ತಾರ. ಎರಡು ಮೂರು ಕಡೆ ರೇಟ್ ಕೇಳಿ ಬಿಲ್ಲಿನ್ಯಾಗ ಅಷ್ಟು ಕಡಿಮಿ ಮಾಡಿಸ್ರಿ.

ವಾಕಡ್‌ನಿಂದ:
ತುಂಬಾ ಉಪಕಾರ ಆಯ್ತು ಅಣ್ಣಾ. 500 ಮುಗಿಸಿ ಮುಂದಿನ ಶನಿವಾರ ನಿಮ್ಮ ಹತ್ರಾನೇ ತರ್ತೀನಿ.

ಉತ್ತರ:
ಬರ್ರಿ ಬರ್ರಿ. ಆದ್ರ ಗಾಡಿ ಶುಕ್ರವಾರ ಸಂಜೀಕ ಬಿಟ್ಟು ಹೋಗ್ರಿ. ಮ್ಯಾನಿಫೋಲ್ಡ್ ಬೋಲ್ಟ್ ತುಕ್ಕು ಹಿಡದಿರ್ತಾವು, ರಾತ್ರಿ ಎಣ್ಣಿ ಹೊಡದು ಇಟ್ರ ಮುಂಜಾನೆ ಮುರೀಲಾರದ ಬರ್ತಾವು. ಮತ್ತ ಹಳೇದು ಬಿಚ್ಚಿದಾಗ ನೀವೂ ಅಲ್ಲೇ ಇರ್ರಿ, ಟಾರ್ಚ್ ಹಿಡದು ಒಳಗ ತೋರಸ್ತೀನಿ.