ಗೋಕರ್ಣದ ಹೋಂಸ್ಟೇಗೆ ಯಹೂದಿ ಅತಿಥಿಗಳು: ಉಪವಾಸ, ಹಬ್ಬಕ್ಕೆ ಏನೇನು ತಯಾರಿ?

ಕುಡ್ಲೆ ಅಂಗಳ:
2026ರ ಸೆಪ್ಟೆಂಬರ್ 11ರಿಂದ 28ರವರೆಗೆ ಇಸ್ರೇಲಿನ ಒಂದು ಕುಟುಂಬದ ಬುಕಿಂಗ್ ಇದೆ. ಶಾಸ್ತ್ರ ಬಿಡದೆ ಪಾಲಿಸುವವರು. ಅಡುಗೆ, ಪಾತ್ರೆ ಎಲ್ಲ ಅವರದೇ; ಹಣ್ಣು, ನೀರು, ದೀಪ, ಜಾಗ ನಮ್ಮದು. ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ. ಈ ಅವಧಿಯಲ್ಲಿ ಉಪವಾಸ ಯಾವ ದಿನ? ಏಕಾದಶಿಗೆ ಮಾಡಿದ ಹಾಗೆ ಸಾಬಕ್ಕಿ ಖಿಚಡಿ, ಎಳನೀರು ಇಟ್ಟರೆ ನಡೆಯುತ್ತದೆಯೇ? ಕೊನೆಯ ವಾರಕ್ಕೆ ಅಂಗಳದಲ್ಲಿ ಚಪ್ಪರ ಬೇಕಂತೆ. ತೆಂಗಿನ ಮರದಡಿ ಹಾಕಿದರೆ ತಂಪು ಅಂತ ಲೆಕ್ಕ ಹಾಕಿದ್ದೇನೆ.

ತದಡಿ ದಡ:
ಮೊದಲು ಸಾಬಕ್ಕಿ ವಿಚಾರ ಕೈಬಿಡಿ. ಇಲ್ಲಿ ಫಲಾಹಾರ ಅನ್ನುವುದೇ ಇಲ್ಲ, ನಿರ್ಜಲ. ಒಂದು ಗುಟುಕು ನೀರೂ ಇಲ್ಲ. ಪ್ರೀತಿಯಿಂದ ಎಳನೀರು ಕೆತ್ತಿ ಎದುರಿಗಿಟ್ಟರೆ ಅವರಿಗೆ ಮುಜುಗರ.

ನಿಮ್ಮ ಅವಧಿಯಲ್ಲಿ ಎರಡು ಉಪವಾಸ. ಸೆಪ್ಟೆಂಬರ್ 12, 13 ಅವರ ಹೊಸ ವರ್ಷ ರೋಶ್ ಹಶಾನಾ, ಮರುದಿನ 14ರ ಸೋಮವಾರ ಗೆದಲ್ಯಾ ಉಪವಾಸ. ನಮ್ಮ ಚೌತಿಯೂ ಅವತ್ತೇ, ಮನೆಯಲ್ಲಿ ಮೋದಕ, ಪಂಚಕಜ್ಜಾಯ ಇರುತ್ತದೆ. ಹಂಚುವುದಾದರೆ ಕತ್ತಲಾದ ಮೇಲೂ ಕೇಳಿಯೇ ಕೊಡಿ, ನಮ್ಮ ಅಡುಗೆ ಅನ್ನುವುದರ ಜತೆಗೆ ಬೇರೆ ದೇವರಿಗೆ ಇಟ್ಟ ನೈವೇದ್ಯ ಅನ್ನುವ ಪ್ರಶ್ನೆಯೂ ಬರುತ್ತದೆ. ಇದು ಸಣ್ಣ ಉಪವಾಸ: ಬೆಳಗಿನ ಜಾವದಿಂದ ನಕ್ಷತ್ರ ಕಾಣುವವರೆಗೆ. ಏಳುತ್ತೇನೆ ಅಂತ ಮಲಗುವ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡವರು ಜಾವಕ್ಕೆ ಮುಂಚೆ ತಿನ್ನಬಹುದು. ಹಾಗಾಗಿ 4:30ಕ್ಕೆ ಬಿಸಿನೀರು, ಲೈಟು ಬೇಕೇ ಅಂತ ಹಿಂದಿನ ರಾತ್ರಿ ಕೇಳಿ. ಸ್ನಾನ, ಚಪ್ಪಲಿಗೆ ಅವತ್ತು ನಿರ್ಬಂಧವಿಲ್ಲ.

ದೊಡ್ಡದು ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನ. 20ರ ಭಾನುವಾರ ಸೂರ್ಯಾಸ್ತಕ್ಕೆ ಮುಂಚೆ ಶುರು, 21ರ ಸೋಮವಾರ ಕತ್ತಲಾದ ಮೇಲೆ ಮುಕ್ತಾಯ, ಒಟ್ಟು ಸುಮಾರು 25 ಗಂಟೆ. ಗೋಕರ್ಣದಲ್ಲಿ ಆಗ ಸೂರ್ಯ ಮುಳುಗುವುದು 6:30ರ ಆಸುಪಾಸು, ಆದ್ದರಿಂದ ಊಟ 6 ಗಂಟೆಯೊಳಗೆ ಮುಗಿಯಬೇಕು. ಊಟ, ನೀರಿನ ಜತೆ ಸ್ನಾನ, ಎಣ್ಣೆ ಹಚ್ಚುವುದು, ಚರ್ಮದ ಪಾದರಕ್ಷೆ, ದಾಂಪತ್ಯ ಇವೂ ನಿಷಿದ್ಧ. ಬೆಳಿಗ್ಗೆ ಬೆರಳುಗಳನ್ನು ಮಾತ್ರ ಗೆಣ್ಣಿನವರೆಗೆ ತೊಳೆಯುತ್ತಾರೆ. ಕೋಟು ಹಾಕಿಕೊಂಡವರ ಕಾಲಲ್ಲಿ ಹವಾಯಿ ಚಪ್ಪಲಿ ಕಂಡರೆ ಆಶ್ಚರ್ಯಪಡಬೇಡಿ.

ಜನ ಸೋಲುವುದು ಹಸಿವಿಗಲ್ಲ, ನೀರಡಿಕೆಗೆ. ನಮ್ಮ ಕರಾವಳಿಯ ಸೆಕೆಗೆ ಬೆವರು ಬೇರೆ. ಭಾನುವಾರ ಬೆಳಿಗ್ಗೆಯಿಂದಲೇ ಸ್ವಲ್ಪ ಸ್ವಲ್ಪ ನೀರು ಕುಡಿಯಬೇಕು, ಕೊನೆಯ ಗಳಿಗೆಯಲ್ಲಿ ಚೊಂಬುಗಟ್ಟಲೆ ಕುಡಿದರೆ ಅಷ್ಟೂ ಹೊರಗೆ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ ಬೇಡ. ಕಾಫಿ ಚಟ ಇದ್ದವರು ನಾಲ್ಕೈದು ದಿನ ಮೊದಲೇ ಇಳಿಸದಿದ್ದರೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ.

ಸಕ್ಕರೆ ಕಾಯಿಲೆಯವರ ವಿಷಯ ಅವರ ಡಾಕ್ಟರು ಮತ್ತು ರಬ್ಬಿ (ಧರ್ಮಗುರು) ಸೇರಿ ಮೊದಲೇ ತೀರ್ಮಾನಿಸಿರಬೇಕು. ತಿನ್ನಲೇಬೇಕಾದವರಿಗೆ ಒಂದು ಕ್ರಮ ಇದೆ: ಒಮ್ಮೆಗೆ 30 ಮಿಲಿಗಿಂತ ಕಡಿಮೆ ಆಹಾರ, 9 ನಿಮಿಷ ಬಿಟ್ಟು ಮತ್ತೆ ಅಷ್ಟೇ. ನೀರಿನ ಅಳತೆ ಅವರವರ ಒಂದು ಕೆನ್ನೆ ತುಂಬುವುದಕ್ಕಿಂತ ಕಡಿಮೆ. ಅದನ್ನು ಹಿಂದಿನ ದಿನವೇ ಅಳೆದು ಇಟ್ಟುಕೊಳ್ಳುತ್ತಾರೆ. ನಿಮ್ಮಿಂದ ಬೇಕಾದದ್ದು ಸಣ್ಣ ಔಷಧಿ ಲೋಟ ಮಾತ್ರ. ಆದರೆ ಆಳು ಬವಳಿ ಬಂದು ಬಿದ್ದರೆ ಅಳತೆ ನೋಡುವ ಪ್ರಶ್ನೆಯೇ ಇಲ್ಲ. ಜೀವ ಉಳಿಸುವುದು ಉಪವಾಸಕ್ಕಿಂತ ಮೇಲು ಅಂತ ಶಾಸ್ತ್ರವೇ ಹೇಳುತ್ತದೆ. ಎಚ್ಚರವಿದ್ದರಷ್ಟೇ ಸಕ್ಕರೆ ಕೊಡಿ, ಗಾಡಿ ತೆಗೆಯಿರಿ.

ಹೊನ್ನಾವರ ಬಾಳೆಗೊನೆ:
ಹಣ್ಣಿನ ತಟ್ಟೆ ಇಡುವುದಾದರೆ ಎಲ್ಲ ಕತ್ತರಿಸಿ ಕಲಸಬೇಡಿ. ತಿನ್ನುವ ಮುಂಚೆ ಹೇಳುವ ಮಂತ್ರ ಹಣ್ಣು ಎಲ್ಲಿ ಬೆಳೆಯಿತು ಅನ್ನುವುದರ ಮೇಲೆ ನಿಂತಿದೆ. ಸೇಬು, ದಾಳಿಂಬೆ, ತೆಂಗಿನಕಾಯಿ, ಗೇರುಬೀಜಕ್ಕೆ ಮರದ ಫಲದ ಮಂತ್ರ. ಬಾಳೆಹಣ್ಣು, ಅನಾನಸು ನೆಲದ ಫಲ. ಬಾಳೆ ಯಾಕೆ ಮರವಲ್ಲ ಅಂತ ನಮ್ಮ ತೋಟದವರಿಗೆ ವಿವರಿಸಬೇಕಿಲ್ಲ: ಗೊನೆ ಕೊಟ್ಟ ಕಂಬ ಮತ್ತೆ ಗೊನೆ ಬಿಡುವುದಿಲ್ಲ, ಕಂದೇ ಮುಂದುವರಿಯಬೇಕು. ಅವರ ಲೆಕ್ಕವೂ ಅದೇ. ಎಳನೀರಿಗೆ ‘ಎಲ್ಲವೂ ಅವನ ಮಾತಿನಿಂದಾಯಿತು’ ಎಂಬ ಸಾಮಾನ್ಯ ಮಂತ್ರ. ತಪ್ಪಿ ಸೇಬಿಗೆ ನೆಲದ ಮಂತ್ರ ಹೇಳಿದರೆ ಸಲ್ಲುತ್ತದೆ, ಬಾಳೆಹಣ್ಣಿಗೆ ಮರದ್ದು ಹೇಳಿದರೆ ಸಲ್ಲದು. ಬಾಳೆ ಎಲೆಯ ಮೇಲೆ ಇಡೀ ಹಣ್ಣು ಇಟ್ಟುಬಿಡಿ. ನಮ್ಮ ಅಡುಗೆಮನೆಯ ಚಾಕು ತಾಗಿತು ಎಂಬ ತಕರಾರೂ ತಪ್ಪುತ್ತದೆ.

ರೋಶ್ ಹಶಾನಾದ ಎರಡನೇ ರಾತ್ರಿಗೆ ಆ ಋತುವಿನಲ್ಲಿ ಇನ್ನೂ ಬಾಯಿಗೆ ಹಾಕದ ಹೊಸ ಹಣ್ಣೊಂದು ಬೇಕಾಗುತ್ತದೆ. ಸೀತಾಫಲ ಸಿಕ್ಕರೆ ಎತ್ತಿಡಿ, ಆದರೆ ಮೊದಲೇ ರುಚಿ ನೋಡಲು ಕೊಡಬೇಡಿ!

13ರ ಮಧ್ಯಾಹ್ನ ತಶ್ಲಿಖ್ ಪ್ರಾರ್ಥನೆಗೆ (ಪಾಪಗಳನ್ನು ನೀರಿಗೆ ಬಿಡುವ ಪ್ರಾರ್ಥನೆ) ಕಡಲಿಗೆ ಇಳಿಯಬಹುದು. ಅಲೆ ಜೋರಿರುವ ಕಾಲ, ಬಂಡೆಯ ಮೇಲೆ ನಿಲ್ಲದಂತೆ ಜಾಗ ತೋರಿಸಿ. ಮೀನಿಗೆ ಹಾಕಲು ಬ್ರೆಡ್ಡು ಕೊಡಬೇಡಿ, ಹಬ್ಬದ ದಿನ ಅದು ಸಲ್ಲದು.

ಶಿರಸಿ ಸೋಗೆ:
ದೀಪದ ಬಗ್ಗೆ ಯಾರೂ ಹೇಳಲಿಲ್ಲ, ಎಡವಟ್ಟಾಗುವುದು ಅಲ್ಲೇ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲವರೆಗೆ ಶಬ್ಬಾತ್, ಅವರ ವಾರದ ವಿಶ್ರಾಂತಿ ದಿನ, ಸ್ವಿಚ್ಚು ಮುಟ್ಟುವುದಿಲ್ಲ. ಯೋಮ್ ಕಿಪ್ಪುರ್‌ಗೂ ಹಾಗೇ. ಬಚ್ಚಲಿನ ಲೈಟು, ಫ್ಯಾನು ಹಾಕಿಯೇ ಇರಲಿ. ಫ್ರಿಜ್ಜಿನೊಳಗಿನ ಬಲ್ಬು ಕಳಚಿ, ಇಲ್ಲವಾದರೆ ಬಾಗಿಲು ತೆಗೆಯುವಂತಿಲ್ಲ. ಆಳು ಬಂದರೆ ಹೊತ್ತುವ ಸೆನ್ಸರ್ ಲೈಟು ಬಂದ್ ಮಾಡಿ. ‘ಸ್ವಲ್ಪ ಲೈಟು ಹಾಕಿ’ ಅಂತ ನಿಮಗೂ ಅವರು ಹೇಳುವಂತಿಲ್ಲ, ಅದಕ್ಕೇ ಶುಕ್ರವಾರ ಸಂಜೆ 5ಕ್ಕೇ ಕೇಳಿಕೊಂಡು ಮುಗಿಸಿ.

ಜತೆಗೆ ಒಂದು ನಂದಾದೀಪ ಬೇಕು. ಹಬ್ಬದ ದಿನ ಹೊಸದಾಗಿ ಬೆಂಕಿ ಕಡ್ಡಿ ಗೀರುವಂತಿಲ್ಲ, ಉರಿಯುವ ದೀಪದಿಂದ ಹಚ್ಚಬಹುದು. 11ರ ಶುಕ್ರವಾರ ಸಂಜೆ ಹಚ್ಚಿದ್ದು 13ರ ಭಾನುವಾರದವರೆಗೆ ಉರಿದರೆ ಭಾನುವಾರದ ಒಲೆಗೂ ಅದೇ ಆಧಾರ. ಗಾಳಿಗೆ ಆರದಂತೆ ಗಾಜಿನ ಬುರುಡೆ ಹಾಕಿಸಿ. ಯೋಮ್ ಕಿಪ್ಪುರ್ ಮುಗಿಸುವ ಮಂತ್ರಕ್ಕೂ ಹಿಂದಿನ ಸಂಜೆಯಿಂದ ಉರಿದ ಬೆಂಕಿಯೇ ಬೇಕು.

ಇನ್ನು ಚಪ್ಪರ. 25ರ ಸಂಜೆಯಿಂದ ಸುಕ್ಕೋತ್, ಚಪ್ಪರದಲ್ಲಿ ಕೂತು ಉಣ್ಣುವ ಹಬ್ಬ. ತೆಂಗಿನ ಮರದಡಿ ಹಾಕಿದರೆ ಇಡೀ ಚಪ್ಪರ ಕೆಟ್ಟಂತೆ. ಮೇಲೆ ಮರವಾಗಲಿ, ಮಾಡಾಗಲಿ, ತಗಡಾಗಲಿ ಇರಕೂಡದು, ಬಯಲಲ್ಲೇ ಹಾಕಿ. ಗೋಡೆ ಮೊದಲು, ಹೊದಿಕೆ ಆಮೇಲೆ. ಗೋಡೆ ಯಾವುದರದ್ದೂ ಆಗಬಹುದು, ಗಾಳಿಗೆ ಪಟಪಟ ಹೊಡೆದುಕೊಳ್ಳದಂತೆ ಬಿಗಿಯಿರಿ. ಹೊದಿಕೆ ಕಡಿದು ತಂದ ಸಸ್ಯವೇ ಆಗಬೇಕು: ಬಿಡಿ ಮಡ್ಲು (ತೆಂಗಿನ ಗರಿ), ಅಡಕೆ ಸೋಗೆ ಸಾಕು. ಹೆಣೆದ ತಟ್ಟಿ, ಚಾಪೆ ಬೇಡ, ಮಲಗಲು ಮಾಡಿದ್ದೋ ಎಂಬ ಸಂಶಯಕ್ಕೆ ದಾರಿ. ಅಡಕೆ ದಬ್ಬೆಯ ಮೇಲೆ ಹರಡಿ, ತಂತಿ ಸುತ್ತಬೇಡಿ. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು.

ಮಾದಳ ಹಣ್ಣು ಹುಡುಕಿಕೊಡಿ ಅಂದರೆ ಒಪ್ಪಿಕೊಳ್ಳಬೇಡಿ. ಪೂಜೆಗೆ ಬೇಕಾದ ಎತ್ರೋಗ್ ಅದೇ ಜಾತಿ, ಆದರೆ ಕಸಿ ಕಟ್ಟಿದ್ದು ಸಲ್ಲದು. ಗಿಡದ ಮೂಲ ಗೊತ್ತಿಲ್ಲದೆ ಕೊಡುವುದು ಸರಿಯಲ್ಲ.

ಕುಡ್ಲೆ ಅಂಗಳ:
ಸೆಪ್ಟೆಂಬರ್ ಕೊನೆಗೂ ಇಲ್ಲಿ ಮಳೆ ಇರುತ್ತದಲ್ಲ. ಮಡ್ಲಿನ ಮೇಲೆ ತಾಡಪಾಲು ಹೊದೆಸಬಹುದೇ?

ಶಿರಸಿ ಸೋಗೆ:
ಅವರು ಒಳಗೆ ಕೂತಿಲ್ಲದಾಗ ಹೊದೆಸಿ, ಅಡ್ಡಿಲ್ಲ, ನೆಲ ಒಣಗಿರುತ್ತದೆ. ಊಟಕ್ಕೆ ಕೂರುವ ಮೊದಲು ತೆಗೆಯಲೇಬೇಕು, ತಾಡಪಾಲಿನ ಅಡಿ ಉಂಡರೆ ಚಪ್ಪರದಲ್ಲಿ ಉಂಡ ಲೆಕ್ಕವಲ್ಲ. ಎರಡು ಕಡೆ ಹಗ್ಗ ಕಟ್ಟಿ ಸರಿಸಿ ಎಳೆಯುವ ಹಾಗೆ ಮಾಡಿ. ಸಾರಿನ ಬಟ್ಟಲು ಕೆಡುವಷ್ಟು ಮಳೆ ಬಂದರೆ ಎದ್ದು ಒಳಗೆ ಬರಲು ಅವರಿಗೆ ವಿನಾಯಿತಿ ಇದೆ, ಜಗಲಿಯಲ್ಲಿ ಒಂದು ಮೇಜು ಖಾಲಿ ಇಟ್ಟಿರಿ.