ಲಂಡನ್ನಿನಲ್ಲಿ ನಾಟಕ: ಸೀಟು ಇಲ್ಲಿಂದಲೇ ಬುಕ್ ಮಾಡಬೇಕಾ? ಯಾವ ಸೀಟು ಒಳ್ಳೆಯದು?

ಹಾಸನದವಳು:
ಜೂನ್‌ನಲ್ಲಿ ಲಂಡನ್ನಿಗೆ ಹೊರಟಿದ್ದೇವೆ. ನಾನು, ನಮ್ಮನೆಯವರು, ಅಮ್ಮ, 8 ವರ್ಷದ ಮಗಳು. ಊರಿಗೆ ಕಂಪನಿ ನಾಟಕ ಬಂದರೆ ಅಮ್ಮ ಒಂದನ್ನೂ ಬಿಟ್ಟವರಲ್ಲ, ಅಲ್ಲಿಗೆ ಹೋದಾಗ ಅವರಿಗೆ ಒಂದಾದರೂ ದೊಡ್ಡ ನಾಟಕ ತೋರಿಸಲೇಬೇಕು ಅಂತ ನನ್ನ ಆಸೆ. ಲಯನ್ ಕಿಂಗ್ ಅಂದುಕೊಂಡಿದ್ದೇವೆ, ಮಗಳಿಗೂ ಕಥೆ ಗೊತ್ತು. ಸೈಟ್ ತೆಗೆದರೆ ಸ್ಟಾಲ್ಸ್, ರಾಯಲ್ ಸರ್ಕಲ್, ಗ್ರ್ಯಾಂಡ್ ಸರ್ಕಲ್ ಅಂತೆಲ್ಲ ಇದೆ, ಒಂದೇ ಸಾಲಿನಲ್ಲೂ ಬೇರೆ ಬೇರೆ ರೇಟು. ಅಮ್ಮನಿಗೆ ಮಂಡಿನೋವು, ಜಾಸ್ತಿ ಮೆಟ್ಟಿಲು ಹತ್ತೋಕೆ ಆಗಲ್ಲ. ಈಗಲೇ ತಗೊಳ್ಳೋದಾ, ಅಲ್ಲಿ ಹೋಗಿ ತಗೊಳ್ಳೋದಾ? ವೀಸಾ ಇನ್ನೂ ಕೈಗೆ ಬಂದಿಲ್ಲ.

ಕ್ರಾಯ್ಡನ್ ಕನ್ನಡಿಗ:
ಮೊದಲು ವೀಸಾ ಬರಲಿ ಮೇಡಂ. ಇಲ್ಲಿ ಟಿಕೆಟ್ ತಗೊಂಡ ಮೇಲೆ ದುಡ್ಡು ವಾಪಸ್ ಕೊಡೋದು ಅಪರೂಪ, ಹೆಚ್ಚೆಂದರೆ ದಿನ ಬದಲಾಯಿಸಿಕೊಡುತ್ತಾರೆ, ಅದೂ ಎಲ್ಲ ಕಡೆ ಅಲ್ಲ. ವೀಸಾ ಬಂದ ದಿನವೇ ಬುಕ್ ಮಾಡಿ. ನಾಲ್ಕು ಜನ ಒಟ್ಟಿಗೆ ಕೂರಬೇಕು, ಮೆಟ್ಟಿಲು ಕಡಿಮೆ ಇರಬೇಕು ಅಂದರೆ ಕೊನೇ ಗಳಿಗೆಗೆ ಬಿಡಬೇಡಿ.

ಸೀಟಿನ ವಿಷಯ. ಸ್ಟಾಲ್ಸ್ ಅಂದರೆ ಕೆಳಗಿನ ನೆಲದ ಸೀಟುಗಳು, ಅದರ ಮೇಲೆ ರಾಯಲ್ ಸರ್ಕಲ್ (ಬೇರೆ ಥಿಯೇಟರುಗಳಲ್ಲಿ ಡ್ರೆಸ್ ಸರ್ಕಲ್), ಅದರ ಮೇಲೆ ಗ್ರ್ಯಾಂಡ್ ಸರ್ಕಲ್. ಕೆಲವು ಕಡೆ ಇನ್ನೂ ಮೇಲೆ ಬಾಲ್ಕನಿ ಇರುತ್ತದೆ. ನಮ್ಮ ಟಾಕೀಸಿನ ಲೆಕ್ಕದಲ್ಲಿ ಬಾಲ್ಕನಿ ಟಿಕೆಟ್ ತಗೋಬೇಡಿ, ಇಲ್ಲಿ ಅದು ಮುಗಿಲಿಗೆ ತಾಗಿದ ಹಾಗೆ ಇರುತ್ತದೆ, ಹತ್ತುವಾಗಲೇ ಅಮ್ಮನಿಗೆ ಸುಸ್ತಾಗುತ್ತದೆ.

ಬೇರೆ ಯಾವುದಾದರೂ ಮ್ಯೂಸಿಕಲ್ ಆಗಿದ್ದರೆ ನಾನು ಸರ್ಕಲ್‌ನ ಮುಂದಿನ ಸಾಲುಗಳ ನಡುಮಧ್ಯೆ ಕೂರಿ ಅನ್ನುತ್ತಿದ್ದೆ, ಇಡೀ ರಂಗ ಒಂದೇ ಚೌಕಟ್ಟಿನಲ್ಲಿ ಕಾಣುತ್ತದೆ. ಆದರೆ ಲಯನ್ ಕಿಂಗ್‌ಗೆ ಸ್ಟಾಲ್ಸ್ ಬೇಕು. ಆರಂಭದ ಹಾಡಿನಲ್ಲಿ ಪ್ರಾಣಿಗಳು ಪ್ರೇಕ್ಷಕರ ನಡುವಿನ ದಾರಿಯಲ್ಲೇ ನಡೆದು ಬರುತ್ತವೆ. ಆನೆ ನಿಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ, ಅದರ ಒಳಗಿರುವ ನಟರ ಕಾಲುಗಳು ಕೂಡ ಕಾಣುತ್ತವೆ. ಮೇಲಿನ ಅಂತಸ್ತಿನಲ್ಲಿ ಕೂತವರಿಗೆ ಇದರಲ್ಲಿ ಬಹುಪಾಲು ಸಿಗುವುದೇ ಇಲ್ಲ. ದಾರಿಯ ಅಂಚಿನ ಸೀಟನ್ನು ಮಗಳಿಗೆ ಕೊಡಿ. ಸ್ಟಾಲ್ಸ್‌ನ ತೀರಾ ಹಿಂದಿನ ಸಾಲು ಮಾತ್ರ ಬೇಡ. ಮೇಲಿನ ಸರ್ಕಲ್ ಸೂರಿನ ಹಾಗೆ ಮುಂದಕ್ಕೆ ಚಾಚಿರುತ್ತದೆ, ರಂಗದ ಮೇಲ್ಭಾಗ ಕತ್ತರಿಸಿ ಹೋಗುತ್ತದೆ.

ಇನ್ನೊಂದು. ಇಲ್ಲಿನ ಹಳೇ ಥಿಯೇಟರುಗಳಲ್ಲಿ ಕೆಲವು ಕಡೆ ಸ್ಟಾಲ್ಸ್ ರಸ್ತೆಯ ಮಟ್ಟಕ್ಕಿಂತ ಕೆಳಗಿರುತ್ತದೆ, ಲಿಫ್ಟ್ ಇರುವುದಿಲ್ಲ. 'ನೆಲದ ಸೀಟು, ಮೆಟ್ಟಿಲಿಲ್ಲ' ಅಂತ ಸುಮ್ನೆ ಅಂದುಕೊಳ್ಳಬೇಡಿ. ಥಿಯೇಟರಿನ ಸ್ವಂತ ಸೈಟಿನಲ್ಲಿ ಆಕ್ಸೆಸ್ ಅಂತ ಒಂದು ಪುಟ ಇರುತ್ತದೆ, ಯಾವ ಬಾಗಿಲಿನಿಂದ ಎಷ್ಟು ಮೆಟ್ಟಿಲು ಅಂತ ಲೆಕ್ಕ ಸಮೇತ ಕೊಟ್ಟಿರುತ್ತಾರೆ. ಅಲ್ಲಿರುವ ನಂಬರಿಗೆ ಫೋನ್ ಮಾಡಿ ಅಮ್ಮನ ಮಂಡಿನೋವು ಹೇಳಿ, ಸರಿಯಾದ ಸೀಟು ಅವರೇ ತೋರಿಸುತ್ತಾರೆ.

ರಂಗದ ಗೀಳು:
ಮೇಲಿನವರು ಹೇಳಿದ್ದು ಸರಿ. ನಾನು ಒಬ್ಬನೇ ಹೋಗುವವನು, ನನ್ನ ದಾರಿ ಬೇರೆ. ಲೀಸ್ಟರ್ ಸ್ಕ್ವೇರ್‌ನಲ್ಲಿ ಟಿಕೆಟಿಎಸ್ ಅಂತ ಬೂತ್ ಇದೆ, ಲಂಡನ್ನಿನ ಥಿಯೇಟರುಗಳ ಸಂಘವೇ ನಡೆಸುವುದು, ಅವತ್ತಿನ ಟಿಕೆಟ್ ರಿಯಾಯಿತಿಯಲ್ಲಿ ಸಿಗುತ್ತದೆ. ಒಬ್ಬರಿಗೆ, ಇಬ್ಬರಿಗೆ ತುಂಬಾ ಒಳ್ಳೆಯದು. ನಾಲ್ಕು ಜನಕ್ಕೆ ಒಟ್ಟಿಗೆ, ಅದೂ ಜನ ಮುಗಿಬೀಳುವ ನಾಟಕಕ್ಕೆ, ನಂಬಿಕೊಂಡು ಕೂರಬಾರದು.

ಗ್ಲೋಬ್ ಮಾತ್ರ ತಪ್ಪಿಸಿಕೊಳ್ಳಬೇಡಿ. ಶೇಕ್ಸ್‌ಪಿಯರನ ಕಾಲದ ರಂಗಮಂದಿರವನ್ನು ಮರದಲ್ಲೇ ಮತ್ತೆ ಕಟ್ಟಿ 1997ರಲ್ಲಿ ತೆರೆದಿದ್ದು. ರಂಗದ ಮುಂದಿನ ಅಂಗಳಕ್ಕೆ ಚಾವಣಿ ಇಲ್ಲ, ಮಳೆ ಬಂದರೂ ಆಟ ನಡೆಯುತ್ತದೆ. ಅಂಗಳದಲ್ಲಿ ನಿಂತು ನೋಡುವ ಟಿಕೆಟ್ ಅಗ್ಗ, ನನಗಂತೂ ಅದೇ ಎಲ್ಲಕ್ಕಿಂತ ಒಳ್ಳೆಯ ಜಾಗ, ನಟರು ಮೊಣಕೈ ದೂರದಲ್ಲಿ ಇರುತ್ತಾರೆ. ಅಮ್ಮನಿಗೆ ನಿಲ್ಲೋಕೆ ಆಗಲ್ಲ. ಅವರಿಗೆ ಸುತ್ತಲಿನ ಬೆಂಚು ತಗೊಳ್ಳಿ, ಕಂಬ ಅಡ್ಡ ಬರದ ಕಡೆ ನೋಡಿಕೊಂಡು. ಬರೀ ಮರದ ಹಲಗೆ, ದಿಂಬು ಬಾಡಿಗೆಗೆ ಸಿಗುತ್ತದೆ, ಮರೆಯದೆ ತಗೊಳ್ಳಿ.

ಬನಶಂಕರಿ ಬಸ್:
ದುಡ್ಡು ಕಟ್ಟುವ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ಕಾರ್ಡಿನಲ್ಲಿ ವಿದೇಶಿ ಬಳಕೆ ಆಫ್ ಆಗಿರಬಹುದು, ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿಕೊಳ್ಳಿ. ಸೀಟು ಆರಿಸಿದ ಮೇಲೆ ಕೆಲವೇ ನಿಮಿಷ ಹಿಡಿದಿಟ್ಟಿರುತ್ತಾರೆ, ಅಷ್ಟರಲ್ಲಿ ಕಾರ್ಡ್ ತಿರಸ್ಕಾರ ಆದರೆ ಸೀಟು ಹೋಯಿತು. ಪೌಂಡಿನ ಮೇಲೆ ಬ್ಯಾಂಕು ತನ್ನ ಪಾಲು ಸೇರಿಸುತ್ತದೆ, ಅದನ್ನೂ ಲೆಕ್ಕ ಹಾಕಿ.

ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದೆಲ್ಲ ಜಾಹೀರಾತು, ಅದರಲ್ಲಿ ಮರುಮಾರಾಟದವರೂ ಇರುತ್ತಾರೆ, ಒಂದಕ್ಕೆರಡು ರೇಟು. ಥಿಯೇಟರಿನ ಸೈಟಿನಲ್ಲೇ ತಗೊಳ್ಳಿ. ರೇಟು ಬೇಡಿಕೆ ನೋಡಿಕೊಂಡು ಏರಿಳಿಯುತ್ತದೆ, ಶನಿವಾರ ಸಂಜೆಗಿಂತ ವಾರದ ಮಧ್ಯದ ಮಧ್ಯಾಹ್ನದ ಆಟ ಸಾಮಾನ್ಯವಾಗಿ ಕಡಿಮೆ. ಆಯ್ದ ಸೀಟಿನಿಂದ ರಂಗ ಹೇಗೆ ಕಾಣುತ್ತದೆ ಅಂತ ಸೀಟ್‌ಪ್ಲಾನ್ ಅನ್ನೋ ಸೈಟಿನಲ್ಲಿ ನೋಡಿದವರೇ ಫೋಟೋ ಹಾಕಿರುತ್ತಾರೆ, ಅದನ್ನು ನೋಡದೆ ದುಡ್ಡು ಕಟ್ಟಬೇಡಿ.

ಇಳಿದ ದಿನವೇ ನಾಟಕ ಇಟ್ಟುಕೊಳ್ಳಬೇಡಿ. ಅಲ್ಲಿ ಸಂಜೆ 7:30 ಅಂದರೆ ಜೂನ್‌ನಲ್ಲಿ ನಮಗೆ ನಡುರಾತ್ರಿ 12 ಗಂಟೆ, ಮಗು ಮೊದಲ ಹಾಡಿಗೇ ನಿದ್ದೆ ಹೋಗುತ್ತದೆ.

ಹಾಸನದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬುಧವಾರ ಮಧ್ಯಾಹ್ನದ ಆಟ ಅಂತ ಮನೆಯಲ್ಲಿ ಒಪ್ಪಿದರು. ಅಕಸ್ಮಾತ್ ಸ್ಟಾಲ್ಸ್‌ನಲ್ಲಿ ನಾಲ್ಕು ಸೀಟು ಒಟ್ಟಿಗೆ ಸಿಗದಿದ್ದರೆ ರಾಯಲ್ ಸರ್ಕಲ್‌ನ ಮೊದಲ ಸಾಲು ಆಗಬಹುದಾ?

ಕ್ರಾಯ್ಡನ್ ಕನ್ನಡಿಗ:
ದೊಡ್ಡವರಿಗೆ ಆಗಬಹುದು. ಮಗಳಿಗೆ ಯೋಚಿಸಿ, ಸರ್ಕಲ್‌ನ ಮೊದಲ ಸಾಲಿನ ಮುಂದೆ ಕಂಬಿ ಇದ್ದರೆ ಮಕ್ಕಳ ಕಣ್ಣಿಗೆ ನೇರ ಅಡ್ಡ ಬರುತ್ತದೆ. ಎರಡನೇ ಅಥವಾ ಮೂರನೇ ಸಾಲು ವಾಸಿ. ಇಲ್ಲದಿದ್ದರೆ ಸ್ಟಾಲ್ಸ್‌ನಲ್ಲೇ ಹಿಂದೆ ಮುಂದೆ ಎರಡೆರಡು ಸೀಟು ತಗೊಳ್ಳಿ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಮಕ್ಕಳಿಗೆ ಎತ್ತರದ ದಿಂಬು ಇದೆಯಾ ಅಂತ ಒಳಗೆ ಹೋದ ತಕ್ಷಣ ಕೇಳಿ, ಬೇಗ ಖಾಲಿ ಆಗುತ್ತದೆ. ಅರ್ಧ ಗಂಟೆ ಮೊದಲೇ ತಲುಪಿ. ನಮ್ಮ ರಂಗಶಂಕರದಷ್ಟು ಕಟ್ಟುನಿಟ್ಟಿಲ್ಲ, ತಡವಾದರೂ ಯಾವಾಗಲೋ ಒಳಗೆ ಬಿಡುತ್ತಾರೆ, ಆದರೆ ಅಷ್ಟರಲ್ಲಿ ಆನೆ ಹೋಗಿಬಿಟ್ಟಿರುತ್ತದೆ.