ಸಹಾಯ ಬೇಕು: ಮ್ಯೂಸಿಯಂನ ಹಳೆಯ ಫೋಟೋಗಳನ್ನು ಕಾಮನ್ಸ್‌ಗೆ ಹಾಕುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಸ್ವಯಂಸೇವಕನಾಗಿರುವ ಸಣ್ಣ ಮ್ಯೂಸಿಯಂ ತನ್ನ ಹಳೆಯ ಫೋಟೋಗಳನ್ನು ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಆನ್‌ಲೈನ್ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಕೊಡುವ ಯೋಚನೆಯಲ್ಲಿದೆ. ತುಂಬಾ ಖುಷಿಯಾಗಿದೆ. ಆದರೆ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊನ್ನೆ ಒಂದು ಫೋಟೋ ತಿರುಗಿಸಿ ನೋಡಿದೆ. ಹಿಂದೆ ಪೆನ್ಸಿಲ್‌ನಲ್ಲಿ ಮಗ್ಗದ ಮುಂದೆ ಕೂತವರ ಹೆಸರುಗಳೆಲ್ಲ ಇವೆ, ಫೋಟೋ ತೆಗೆದವರ ಹೆಸರು ಮಾತ್ರ ಇಲ್ಲ. ಇಸವಿಯೂ ಅಳಿಸಿಹೋಗಿದೆ. ಫೋಟೋ ಮ್ಯೂಸಿಯಂ ಕಪಾಟಿನಲ್ಲಿದೆ ಅಂದಮಾತ್ರಕ್ಕೆ ಕಾಪಿರೈಟ್ ಮ್ಯೂಸಿಯಂನದ್ದಾಗುವುದಿಲ್ಲ ಅಲ್ವಾ? ಹೀಗಾಗಿ ಸುಮ್ನೆ ಅಪ್‌ಲೋಡ್ ಮಾಡಲು ಮನಸ್ಸು ಬರುತ್ತಿಲ್ಲ. ಇಂಥ ಫೋಟೋಗಳನ್ನು ನೀವು ಹೇಗೆ ವಿಂಗಡಿಸಿದಿರಿ?

ಇನ್ನೊಂದು, ಮ್ಯೂಸಿಯಂನವರ ಭಯ. ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತು ಬೇಕು ಅನ್ನುತ್ತಾರೆ. ಕಾಮನ್ಸ್ ಅದನ್ನು ಒಪ್ಪುವುದಿಲ್ಲ. 2017ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಸುಮಾರು 3,75,000 ಚಿತ್ರಗಳನ್ನು ಸಿಸಿ ಝೀರೋ (ಯಾವ ಷರತ್ತೂ ಇಲ್ಲದೆ ಹಕ್ಕು ಬಿಟ್ಟುಕೊಡುವ ವ್ಯವಸ್ಥೆ) ಅಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದನ್ನು ಹೇಳಿದೆ. "ಅವರು ದೊಡ್ಡವರು" ಅಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಪ್ರಿಂಟ್ ಮಾರಿ ಬರುವ ಚೂರುಪಾರು ಹಣವೂ ಅವರಿಗೆ ಮುಖ್ಯ.

ಸಣ್ಣ ಸಂಸ್ಥೆಗಳ ಜೊತೆ ಕೆಲಸ ಮಾಡಿದವರು ಇದ್ದೀರಾ? ಅವರನ್ನು ಹೇಗೆ ಒಪ್ಪಿಸಿದಿರಿ? ಒಪ್ಪಿಗೆ ಪತ್ರದ ನಮೂನೆ ಇದ್ದರೆ ದಯವಿಟ್ಟು ಕಳಿಸಿ. ಮುಂದಿನ ವಾರ ಅವರ ಜೊತೆ ಮೀಟಿಂಗ್ ಇದೆ.